ಸೈಕಲ್ ಚಕ್ರ ನೀವೇ ಕಟ್ಟಿ, ಮುಂಚಕ್ರದಿಂದ ಶುರುಮಾಡಿ

ಮೊದಲ ಸಲಕ್ಕೆ ರಿಮ್ (ಚಕ್ರದ ಹೊರಬಳೆ) ಹಿಡಿಯುವ ಬ್ರೇಕಿನ ಮುಂಚಕ್ರವೇ ಸರಿ. ಅದರ ನಡುವಿನ ಹಬ್‌ನ ಎರಡೂ ಬದಿ ಒಂದೇ ಅಳತೆ, ಹಾಗಾಗಿ ಎಲ್ಲ ಕಡ್ಡಿಗಳೂ ಒಂದೇ ಉದ್ದ. ಹಿಂಚಕ್ರದಲ್ಲಿ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಬಲ ಫ್ಲಾಂಜ್ (ಹಬ್ ಬದಿಯ, ಕಡ್ಡಿ ಸಿಕ್ಕಿಸುವ ತೂತುಗಳಿರುವ ಬಿಲ್ಲೆ) ನಡುವಿನತ್ತ ಸರಿದಿರುತ್ತದೆ. ಆ ಬದಿಯ ಕಡ್ಡಿ ಒಂದೆರಡು ಮಿ.ಮೀ. ಗಿಡ್ಡ, ಬಿಗಿಯೂ ಹೆಚ್ಚು. ಆ ತಲೆನೋವು ಎರಡನೆಯ ಚಕ್ರಕ್ಕಿರಲಿ.

32 ತೂತಿನ ಹಬ್, ಅಷ್ಟೇ ತೂತಿನ ರಿಮ್, 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ 32, ಜೊತೆಗೆ ಹಿತ್ತಾಳೆ ನಿಪ್ಪಲ್ (ಕಡ್ಡಿಯ ತುದಿಯನ್ನು ರಿಮ್ ತೂತಿನಲ್ಲಿ ಬಿಗಿಯುವ ಪುಟ್ಟ ನಟ್). ಅಲ್ಯುಮಿನಿಯಂ ನಿಪ್ಪಲ್ ಹಗುರ ನಿಜ, ಆದರೆ ಕಲಿಯುವ ಕೈಯಲ್ಲಿ ಅದರ ಮೂಲೆಗಳು ಬೇಗ ಸವೆದು ಕೀ ಜಾರತೊಡಗುತ್ತದೆ. ನಿಪ್ಪಲ್ ಕೀಗಳ ಅಳತೆ 3.23, 3.30, 3.45 ಮಿ.ಮೀ. ಹೀಗೆ ಒಂದಕ್ಕೊಂದು ತೀರಾ ಹತ್ತಿರ. ತಪ್ಪು ಕೀಯೂ ಕೂತಂತೆ ಕಾಣುತ್ತದೆ. ಅಲುಗಾಡದೆ ಕೂರುವುದನ್ನೇ ಆರಿಸಿ.

ಕಡ್ಡಿಯ ಉದ್ದ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ರಿಮ್ ಮೇಲೆ ಬರೆದಿರುವ 622 ಅಥವಾ 559 ಟೈರ್ ಕೂರುವ ವ್ಯಾಸ. ಕಡ್ಡಿಯ ಲೆಕ್ಕಕ್ಕೆ ಅದು ಬರುವುದಿಲ್ಲ. ಉದ್ದ ಗೊತ್ತಿರುವ ಎರಡು ಕಡ್ಡಿಗಳಿಗೆ ನಿಪ್ಪಲ್ ಹಾಕಿ, ಕಡ್ಡಿಯ ತುದಿ ನಿಪ್ಪಲ್ ತಲೆಯ ಗೀರಿನ ತಳ ಮುಟ್ಟುವಂತೆ ತಿರುಗಿಸಿ. ಅವನ್ನು ರಿಮ್‌ನ ಎದುರುಬದುರು ತೂತುಗಳಲ್ಲಿ ತೂರಿಸಿ, ಎಳೆದು ಹಿಡಿದು, ಎರಡೂ ಕಡ್ಡಿಗಳ ಬಾಗಿನ ನಡುವಿನ ಅಂತರ ಅಳೆಯಿರಿ. ಎರಡು ಕಡ್ಡಿಗಳ ಉದ್ದಕ್ಕೆ ಆ ಅಂತರ ಕೂಡಿಸಿದರೆ ನಿಮಗೆ ಬೇಕಾದ ವ್ಯಾಸ. ರಿಮ್‌ನ ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ.

ಆ ವ್ಯಾಸದ ಅರ್ಧ ‘ಅ’. ಫ್ಲಾಂಜ್‌ನ ತೂತಿನ ನಡುವಿನಿಂದ ಎದುರಿನ ತೂತಿನ ನಡುವಿಗೆ ಇರುವ ಅಳತೆಯ ಅರ್ಧ ‘ಬ’. ಹಬ್‌ನ ನಟ್ಟನಡುವಿನಿಂದ ಫ್ಲಾಂಜ್‌ಗೆ ಇರುವ ದೂರ ‘ಕ’. 32 ತೂತು, ಮೂರು ದಾಟಿನ (ಪ್ರತಿ ಕಡ್ಡಿ ತನ್ನ ಬದಿಯ ಮೂರು ಕಡ್ಡಿಗಳನ್ನು ದಾಟುವ) ಹೆಣಿಗೆಗೆ ಕೋನ 67.5 ಡಿಗ್ರಿ (36 ತೂತಿಗೆ 60).

ಉದ್ದ = √(ಅ² + ಬ² + ಕ² − 2 × ಅ × ಬ × ಕಾಸ್ ಕೋನ) − ಫ್ಲಾಂಜ್ ತೂತಿನ ಅರ್ಧ ಅಗಲ

ಅ 300, ಬ 22.5, ಕ 35, ತೂತಿನ ಅಗಲ 2.5 ಮಿ.ಮೀ. ಆದರೆ ಉತ್ತರ 293 ಮಿ.ಮೀ. ಒಂದು ಮಿ.ಮೀ. ಆಚೀಚೆ ನಡೆಯುತ್ತದೆ. ಕಡ್ಡಿ ಗಿಡ್ಡವಾದರೆ ನಿಪ್ಪಲ್ ತಲೆಯವರೆಗೆ ಮರೆ (ಕಡ್ಡಿ ತುದಿಯ ತಿರುಪು ಗೀರು) ತಲುಪದೆ, ಒಂದು ದಿನ ತಲೆಯೇ ಕಿತ್ತುಬರುತ್ತದೆ. ಉದ್ದವಾದರೆ ಬಿಗಿ ಬರುವ ಮೊದಲೇ ಮರೆ ಮುಗಿಯುತ್ತದೆ, ಹೊರಚಾಚಿದ ತುದಿ ಟ್ಯೂಬ್ ಚುಚ್ಚುತ್ತದೆ.

ಹೆಣಿಗೆ

ಕಡ್ಡಿಗಳ ಮರೆಗೂ ರಿಮ್ ತೂತುಗಳ ಅಂಚಿಗೂ ಸ್ವಲ್ಪ ಎಣ್ಣೆ ಹಚ್ಚಿ. ರಿಮ್‌ನ ಬಲಬದಿ ನಿಮ್ಮತ್ತ, ವಾಲ್ವ್ ತೂತು ಮೇಲೆ ಇರಲಿ. ರಿಮ್ ತೂತುಗಳು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಸರಿದಿರುತ್ತವೆ. ಬಲ ಫ್ಲಾಂಜ್‌ನ ಒಂದು ತೂತು ಬಿಟ್ಟು ಒಂದರಲ್ಲಿ, ತಲೆ ಹೊರಗುಳಿಯುವಂತೆ ಎಂಟು ಕಡ್ಡಿ ಇಳಿಬಿಡಿ. ವಾಲ್ವ್‌ನ ಬಲಕ್ಕಿರುವ ಮೊದಲೆರಡು ತೂತುಗಳಲ್ಲಿ ಯಾವುದು ನಿಮ್ಮತ್ತ ಸರಿದಿದೆಯೋ ಅದಕ್ಕೆ ಮೊದಲ ಕಡ್ಡಿ. ಅಲ್ಲಿಂದ ಮೂರು ತೂತು ಬಿಟ್ಟು ನಾಲ್ಕನೆಯದಕ್ಕೆ ಮುಂದಿನದು. ನಿಪ್ಪಲ್ ಎರಡು ಸುತ್ತು ಮಾತ್ರ.

ಆ ಎರಡು ತೂತುಗಳಲ್ಲಿ ಉಳಿದದ್ದು ಎಡ ಫ್ಲಾಂಜ್‌ನ ಮೊದಲ ಕಡ್ಡಿಗೆ. ಎರಡೂ ಫ್ಲಾಂಜ್‌ಗಳ ತೂತುಗಳು ನೇರ ಎದುರಿಲ್ಲ, ಅರ್ಧ ಹೆಜ್ಜೆ ಸರಿದಿರುತ್ತವೆ. ಬದಿಯಿಂದ ನೋಡಿದಾಗ ಈ ಜೋಡಿ ಒಂದನ್ನೊಂದು ದಾಟಿದರೆ ಹಬ್‌ನಲ್ಲಿ ತಪ್ಪು ತೂತು ಹಿಡಿದಿದ್ದೀರಿ. ಈ ಬದಿಗೂ ತಲೆ ಹೊರಗಿಟ್ಟು ಎಂಟು ಮುಗಿಸಿ.

ಈಗ ಬಲಬದಿಯಿಂದ ನೋಡುತ್ತಾ ಹಬ್ ಅನ್ನು ಗಡಿಯಾರದ ದಿಕ್ಕಿಗೆ ತಿರುಚಿ. ವಾಲ್ವ್ ಪಕ್ಕದ ಕಡ್ಡಿ ಅದರಿಂದ ದೂರಕ್ಕೆ ಓರೆಯಾಗಬೇಕು. ಇಲ್ಲವಾದರೆ ಮುಂದೆ ಪಂಪಿನ ಬಾಯಿಗೆ ಜಾಗ ಸಾಲದು. ಉಳಿದ ಹದಿನಾರನ್ನು ತಲೆ ಒಳಗಿಟ್ಟು ಹೊರಕ್ಕೆ ತೆಗೆದು ಎದುರು ದಿಕ್ಕಿಗೆ ಎಳೆಯಿರಿ. ಪ್ರತಿಯೊಂದೂ ತನ್ನ ಬದಿಯ ಮೂರು ಕಡ್ಡಿಗಳನ್ನು ದಾಟಬೇಕು: ಮೊದಲೆರಡರ ಹೊರಗಿನಿಂದ, ಮೂರನೆಯದರ ಒಳಗಿನಿಂದ. ಆಮೇಲೆ ತನ್ನ ಬದಿಗೆ ಸರಿದ ಖಾಲಿ ತೂತಿಗೆ. ಮೂರನೆಯದರ ಒಳಗೆ ನುಸುಳಿಸಲು ಕಡ್ಡಿ ತುಸು ಬಾಗಿದರೆ ಹೆದರಬೇಡಿ.

ಬಿಗಿ, ಬೆಂಡ್

ಎಲ್ಲ ನಿಪ್ಪಲ್‌ಗಳನ್ನೂ ಕಡ್ಡಿಯ ಮರೆ ಕಾಣದಾಗುವವರೆಗೆ ತಿರುಗಿಸಿ. ಇದು ಎಲ್ಲವಕ್ಕೂ ಸಮನಾದ ಆರಂಭ. ಇಲ್ಲಿ ಉದಾಸೀನ ಮಾಡಿದರೆ ಮುಂದೆ ಗಂಟೆಗಟ್ಟಲೆ ತಿದ್ದಬೇಕಾಗುತ್ತದೆ. ಬಳಿಕ ವಾಲ್ವ್‌ನಿಂದ ಶುರುಮಾಡಿ ಸುತ್ತಿಗೆ ಅರ್ಧರ್ಧ ತಿರುವು, ಸಡಿಲ ಹೋದಮೇಲೆ ಕಾಲು ತಿರುವು. ಟೈರ್ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕು ಬಿಗಿ, ಹಬ್ ಕಡೆಯಿಂದ ನೋಡಿದರೆ ಅದೇ ಉಲ್ಟಾ.

ಸ್ಟ್ಯಾಂಡ್ ಇಲ್ಲದಿದ್ದರೆ ತಲೆಕೆಳಗಿಟ್ಟ ಸೈಕಲ್‌ನ ಫೋರ್ಕ್ ಸಾಕು, ಬ್ರೇಕ್ ಪ್ಯಾಡೇ ಗುರುತು. ಮೊದಲು ಏರುತಗ್ಗು: ಉಬ್ಬಿದಲ್ಲಿ ಎಡದ್ದೊಂದು, ಬಲದ್ದೊಂದು ಜೋಡಿಯಾಗಿ ಬಿಗಿ ಮಾಡಿ. ಪಕ್ಕದ ಬೆಂಡ್ ಆಮೇಲೆ: ರಿಮ್ ಎಡಕ್ಕೆ ಹೋದಲ್ಲಿ ಬಲದ ಕಡ್ಡಿ ಕಾಲು ತಿರುವು ಬಿಗಿ, ಎಡದ್ದು ಅಷ್ಟೇ ಸಡಿಲ. ಚಕ್ರ ತೆಗೆದು ಎಡಬಲ ಅದಲುಬದಲು ಮಾಡಿ ಹಾಕಿದಾಗಲೂ ರಿಮ್ ಅದೇ ಜಾಗದಲ್ಲಿದ್ದರೆ ಅದು ನಡುವಿನಲ್ಲಿದೆ. ಪಕ್ಕಕ್ಕೂ ಮೇಲಕ್ಕೂ ಅರ್ಧ ಮಿ.ಮೀ. ಒಳಗಿದ್ದರೆ ಮೊದಲ ಚಕ್ರಕ್ಕೆ ಧಾರಾಳ.

ಬೆಂಡ್ ಇಲ್ಲದ ಚಕ್ರವೆಲ್ಲ ಒಳ್ಳೆಯ ಚಕ್ರವಲ್ಲ. ಒಂದು ಕಡ್ಡಿ ವಿಪರೀತ ಬಿಗಿ, ಪಕ್ಕದ್ದು ಸಡಿಲ ಇದ್ದರೂ ರಿಮ್ ನೇರ ನಿಂತಿರಬಹುದು. ಅಂಥದ್ದು ಓಡಿಸುತ್ತಿದ್ದಂತೆ ಹಾಳಾಗುತ್ತದೆ. ಒಂದೇ ಬದಿಯ ಕಡ್ಡಿಗಳನ್ನು ಮೀಟಿ ನೋಡಿ, ನಾದ ಹೆಚ್ಚುಕಡಿಮೆ ಒಂದೇ ಇರಬೇಕು. ಬಿಗಿ ಅಳೆಯುವ ಮೀಟರ್ ಇದ್ದರೆ ಸುಮಾರು 100 ಕೆ.ಜಿ. ಬಲ, ಆದರೆ ರಿಮ್ ತಯಾರಕರು ಹೇಳಿದ ಮಿತಿ ದಾಟಬೇಡಿ.

ಬಿಗಿ ಹೆಚ್ಚಿದಂತೆ ನಿಪ್ಪಲ್ ಜೊತೆ ಕಡ್ಡಿಯೂ ತಿರುಚಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ತುಸು ಹೆಚ್ಚು ತಿರುಗಿಸಿ, ಅಷ್ಟನ್ನೇ ಹಿಂದಕ್ಕೆ ತನ್ನಿ. ಕೊನೆಗೆ ಒಂದೇ ಬದಿಯ ಸಮಾನಾಂತರ ಕಡ್ಡಿಗಳನ್ನು ಜೋಡಿಜೋಡಿಯಾಗಿ ಕೈಗವಸು ಹಾಕಿದ ಮುಷ್ಟಿಯಲ್ಲಿ ಬಲವಾಗಿ ಹಿಂಡಿ. ಟಿಕ್‌ ಟಿಕ್ ಸದ್ದು ಬರುವುದು ತಿರುಚಿದ ಕಡ್ಡಿ ಬಿಚ್ಚಿಕೊಳ್ಳುತ್ತಿರುವುದರಿಂದ. ಹಿಂಡಿದ ಮೇಲೆ ಬೆಂಡ್ ಮರಳಿ ಬಂದಿರುತ್ತದೆ. ತಿದ್ದಿ, ಮತ್ತೆ ಹಿಂಡಿ, ಸದ್ದು ನಿಲ್ಲುವವರೆಗೆ. ಇದನ್ನು ಬಿಟ್ಟವರ ಚಕ್ರ ಮೊದಲ ಸವಾರಿಯಲ್ಲೇ ಬೆಂಡಾಗುತ್ತದೆ.

ನಿಪ್ಪಲ್ ಆಚೆ ಚಾಚಿದ ತುದಿಗಳಿದ್ದರೆ ಅರದಿಂದ ಉಜ್ಜಿ, ತೂತುಗಳೆಲ್ಲ ಮುಚ್ಚುವಷ್ಟು ಅಗಲದ ರಿಮ್ ಟೇಪ್ ಸುತ್ತಿ, ಟೈರ್ ಏರಿಸಿ.