ಎಣ್ಣೆಯಿಲ್ಲದ ಡ್ಯಾಂಪರ್: ಸಲ್ಯೂಟ್-1ರ ಡಾಕಿಂಗ್ ಮಾದರಿ ಕಟ್ಟಿದ ನನ್ನ ಅನುಭವ

ವಿಜ್ಞಾನ ಪ್ರದರ್ಶನವೊಂದಕ್ಕಾಗಿ, ಮೊದಲ ಬಾಹ್ಯಾಕಾಶ ನಿಲ್ದಾಣವಾದ ಸಲ್ಯೂಟ್-1ರ ಡಾಕಿಂಗ್ ಯಂತ್ರದ (ನೌಕೆಯನ್ನು ನಿಲ್ದಾಣಕ್ಕೆ ಜೋಡಿಸುವ ಯಂತ್ರ) ಕಾಲುಭಾಗ ಅಳತೆಯ, ನಿಜವಾಗಿಯೂ ಕೆಲಸ ಮಾಡುವ ಮಾದರಿಯನ್ನು ಕಟ್ಟಲು ನಾನು ಒಪ್ಪಿಕೊಂಡಾಗ, ಪೀಣ್ಯದ ಗೆಳೆಯರೆಲ್ಲ ಡಿಕ್ಕಿಯ ಪೆಟ್ಟನ್ನು ಹೀರಲು ಎಣ್ಣೆಯ ಡ್ಯಾಂಪರನ್ನೇ ಹಾಕುವಂತೆ ಹೇಳಿದರು. ಬಾಲ್ ಸ್ಕ್ರೂ (ನೇರ ಚಲನೆಯನ್ನು ತಿರುಗುವಿಕೆಗೆ ಬದಲಿಸುವ, ಗುಂಡುಗಳ ಮೇಲೆ ಓಡುವ ತಿರುಪು) ಮತ್ತು ಎಡ್ಡಿ ಕರೆಂಟ್ ಬ್ರೇಕನ್ನು (ತಿರುಗುವ ಲೋಹದ ಬಿಲ್ಲೆಯನ್ನು ಆಯಸ್ಕಾಂತಗಳಿಂದ ತಡೆಯುವ ಬ್ರೇಕು) ನಂಬಿದರೆ ಇಷ್ಟು ಸಣ್ಣ ಅಳತೆಯಲ್ಲಿ ಡಿಕ್ಕಿಯ ಶಕ್ತಿ ಕರಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಸೋವಿಯತ್ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಅವರ ತಂಡ, ಯಾತ್ರಿಗಳನ್ನು ನಿಲ್ದಾಣಕ್ಕೆ ಒಯ್ಯುವ ಸೋಯುಜ್ ನೌಕೆಗೆ ವಿದ್ಯುತ್-ಯಾಂತ್ರಿಕ ಡ್ಯಾಂಪರನ್ನೇ ಆರಿಸಿಕೊಂಡಿದ್ದರಿಂದ, ಹೊರಗೆ ಅವರ ರೂಪ, ಒಳಗೆ ಎಣ್ಣೆಯ ಸಿಲಿಂಡರ್ ಇರುವ ಮಾದರಿಯನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ.

ಸೋಯುಜ್ ಸುಮಾರು ಏಳು ಟನ್, ಸಲ್ಯೂಟ್ ಹದಿನೆಂಟು ಟನ್ನಿಗೂ ಹೆಚ್ಚು. ಆ ಪ್ರಮಾಣವನ್ನು ಉಳಿಸಿಕೊಂಡು, ಹದಿನೈದು ಮತ್ತು ನಲವತ್ತು ಕಿಲೋದ ಎರಡು ತೇಲುಗಾಡಿಗಳನ್ನು ತೆಳು ಗಾಳಿಪದರದ ಮೇಲೆ ತೇಲಿಸುವ ಏರ್ ಬೇರಿಂಗುಗಳ ಮೇಲೆ ನಿಲ್ಲಿಸಿದೆ. ಮೊದಲು ಹಾಸಿದ್ದ ಟಫನ್ಡ್ ಗಾಜು ಭಾರಕ್ಕೆ ನಡುವೆ ಬಗ್ಗಿ, ಗಾಡಿಗಳು ತಾವಾಗಿಯೇ ಅತ್ತ ಜಾರುತ್ತಿದ್ದವು. ಜಿಗಣಿಯಿಂದ ಗ್ರಾನೈಟ್ ಚಪ್ಪಡಿ ತರಿಸಿ ಲ್ಯಾಪಿಂಗ್ (ಮೈಯನ್ನು ಉಜ್ಜಿ ಸಮತಟ್ಟು ಮಾಡುವುದು) ಮಾಡಿಸಿದ್ದಕ್ಕೇ ಐವತ್ತು ಸಾವಿರದ ಹತ್ತಿರ ಖರ್ಚಾಯಿತು. ಆ ಹಣ ಸಾರ್ಥಕವಾಗಿದೆ.

ನಿಜವಾದ ತೊಂದರೆ ಪ್ರೋಬಿನಲ್ಲಿತ್ತು, ಅಂದರೆ ಸಣ್ಣ ಗಾಡಿಯಿಂದ ಮುಂದೆ ಚಾಚಿ ಎದುರಿನ ಗಾಡಿಯ ಕೋನಿನೊಳಗೆ ಹೋಗಿ ಸಿಕ್ಕಿಕೊಳ್ಳುವ ದಂಡದಲ್ಲಿ. ಹತ್ತು ಮಿಲಿಮೀಟರ್ ಲೀಡಿನ (ಒಂದು ಸುತ್ತಿಗೆ ನಟ್ಟು ಸಾಗುವ ದೂರ) ಬಾಲ್ ಸ್ಕ್ರೂವಿನ ಹಿಂದೆ ಅರವತ್ತು ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ಬಿಲ್ಲೆಯನ್ನು ಕೂಡಿಸಿ ಓಡಿಸಿದಾಗ, ಪ್ರೋಬಿನ ತಲೆ ಕೋನಿಗೆ ತಗುಲಿದ ಕೂಡಲೇ ಪುಟಿದು ಹೊರಗೆ ಬರುತ್ತಿತ್ತು, ಲ್ಯಾಚುಗಳಿಗೆ ಹಿಡಿಯಲು ಸಮಯವೇ ಸಿಗುತ್ತಿರಲಿಲ್ಲ. ಎಲ್ಲರೂ ಬ್ರೇಕ್ ಸಾಲದು ಎಂದರು. ಲೆಕ್ಕ ಹಾಕಿದರೆ ಕಾರಣ ಬೇರೆಯೇ ಇತ್ತು: ಬಿಲ್ಲೆಯ ತೂಕ ಇಪ್ಪತ್ಮೂರು ಗ್ರಾಂ ಮಾತ್ರವಾದರೂ, ಅದರ ತಿರುಗುವ ಜಡತ್ವ ಸ್ಕ್ರೂವಿನ ಮೂಲಕ ಪ್ರೋಬಿನ ತುದಿಯಲ್ಲಿ ನಾಲ್ಕು ಕಿಲೋದಷ್ಟು ಭಾರವಾಗಿ ಕಾಣಿಸುತ್ತಿತ್ತು. ಲೀಡನ್ನು ಇಪ್ಪತ್ತಕ್ಕೆ ಏರಿಸಿದರೆ ಆ ಭಾರ ಕಾಲುಭಾಗಕ್ಕೆ ಇಳಿಯುತ್ತದೆ, ಬಿಲ್ಲೆಯ ವ್ಯಾಸವನ್ನು ನಲವತ್ತೈದಕ್ಕೆ ತಂದರೆ ಅದರಲ್ಲೂ ಮೂರನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಇದರಿಂದ ಬ್ರೇಕಿನ ಬಲವೂ ಕುಗ್ಗುವುದರಿಂದ, ನಿಯೋಡೈಮಿಯಂ ಆಯಸ್ಕಾಂತಗಳ ಜೋಡಿಗಳನ್ನು ಹೆಚ್ಚಿಸಿ, ಅಂತರವನ್ನು ಕಿರಿದುಗೊಳಿಸಿದೆ. ಹಳೆಯ ಸ್ಕ್ರೂಗಳಿಗೆ ಸುರಿದ ಹದಿನೆಂಟು ಸಾವಿರ ವ್ಯರ್ಥವಾಯಿತು; ಆದರೆ ಅಂದಿನಿಂದ ತಲೆ ಪುಟಿದಿಲ್ಲ. ನಟ್ಟಿನಲ್ಲಿ ಪ್ರಿಲೋಡ್ (ಸಡಿಲ ಹೋಗಲೆಂದು ಮೊದಲೇ ಕೊಡುವ ಬಿಗಿತ) ಇರಬಾರದು, ಇದ್ದರೆ ಪ್ರೋಬನ್ನು ಒತ್ತಿದಾಗ ಸ್ಕ್ರೂ ಸರಾಗವಾಗಿ ತಿರುಗುವುದಿಲ್ಲ. ತಲೆಯ ಹಿಂದಿನ ಸಣ್ಣ ಸ್ಪ್ರಿಂಗನ್ನು ಎಷ್ಟು ಒತ್ತಿ ಕೂರಿಸಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಆರ್ಡರುಗಳು ಅದನ್ನೇ ನಂಬಿಕೊಂಡಿವೆ.

ಯಂತ್ರ ಸರಿಹೋದ ಮೇಲೆ ಸೋಯುಜ್-10ರ ಪ್ರಸಂಗವನ್ನೂ ಮಾಡಿ ನೋಡಬೇಕೆನಿಸಿತು. 1971ರ ಏಪ್ರಿಲ್‌ನಲ್ಲಿ ಆ ನೌಕೆಯ ಪ್ರೋಬ್ ಸಲ್ಯೂಟಿಗೆ ಸಿಕ್ಕಿಕೊಂಡಿತಾದರೂ, ನೌಕೆಯ ನಿಯಂತ್ರಣ ವ್ಯವಸ್ಥೆ ಸುಮ್ಮನಾಗದೆ ದಿಕ್ಕನ್ನು ತಿದ್ದಲು ಎಂಜಿನುಗಳನ್ನು ಉರಿಸುತ್ತಲೇ ಇದ್ದುದರಿಂದ ನೌಕೆ ತೂಗಾಡಿ ಡಾಕಿಂಗ್ ಯಂತ್ರಕ್ಕೆ ಪೆಟ್ಟಾಯಿತು. ಒಳಗೆ ಹೋಗಲಾರದೆ ಸಿಬ್ಬಂದಿ ಮರಳಬೇಕಾಯಿತು. ನಾನು ಸಣ್ಣ ಗಾಡಿಯ ಗಾಳಿ ನಳಿಕೆಗಳನ್ನು ಲ್ಯಾಚ್ ಹಿಡಿದ ಮೇಲೂ ಊದಲು ಬಿಟ್ಟೆ. ಕೆಲವೇ ಸೆಕೆಂಡುಗಳಲ್ಲಿ ಗಾಡಿ ಪಕ್ಕಕ್ಕೆ ಹೊರಳಿ ಪ್ರೋಬಿನ ದಂಡ ಬಾಗಿತು. ಲ್ಯಾಚ್ ಸ್ವಿಚ್ಚಿನಿಂದಲೇ ಗಾಳಿಯನ್ನು ಕತ್ತರಿಸಿದಾಗ ತೂಗಾಟ ನಿಂತಿತು. ಪ್ರದರ್ಶನಕ್ಕೆ ಬರುವ ಮಕ್ಕಳಿಗೆ ಈಗ ಎರಡನ್ನೂ ತೋರಿಸಬಹುದು.

ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು 2025ರ ಜನವರಿ 16ರಂದು ಬಾಹ್ಯಾಕಾಶದಲ್ಲಿ ಜೋಡಣೆಯಾದ ಮೇಲೆ, ಈ ಹಳೆಯ ಪ್ರೋಬ್ ಏಕೆ ಎಂದು ಹಲವರು ಕೇಳುತ್ತಾರೆ. ಸ್ಪೇಡೆಕ್ಸ್‌ನಲ್ಲಿ ಎರಡೂ ಬದಿಯ ಯಂತ್ರ ಒಂದೇ ಬಗೆಯದು, ಎರಡರಲ್ಲಿ ಯಾವುದು ಬೇಕಾದರೂ ಹಿಡಿಯುವ ಪಾತ್ರ ವಹಿಸಬಹುದು. ಅದನ್ನೂ ಕಟ್ಟುವ ಆಸೆ ನನಗಿದೆ. ಆದರೆ ಹಳೆಯ ಪ್ರೋಬಿನ ಮಹತ್ವ ಬೇರೆಯೇ: 1969ರಲ್ಲಿ ಸೋಯುಜ್-5ರಿಂದ ಸೋಯುಜ್-4ಕ್ಕೆ ಯಾತ್ರಿಗಳು ಹೊರಗಿನಿಂದ ದಾಟಬೇಕಾಗಿತ್ತು, ಸಲ್ಯೂಟಿನಲ್ಲಿ ಪ್ರೋಬ್ ಮತ್ತು ಕೋನ್ ಬಾಗಿಲಿನಂತೆ ಪಕ್ಕಕ್ಕೆ ಸರಿದು ಒಳದಾರಿ ತೆರೆಯಿತು. ನಿಲ್ದಾಣದಲ್ಲಿ ವಾಸ ಸಾಧ್ಯವಾದದ್ದೇ ಆ ಬಾಗಿಲಿನಿಂದ.

ಒಟ್ಟು ಖರ್ಚು ಮೂರೂವರೆ ಲಕ್ಷದ ಆಸುಪಾಸು, ನನ್ನ ಕೂಲಿ ಬಿಟ್ಟು. ಸೆಕೆಂಡಿಗೆ ಮೂವತ್ತು ಸೆಂಟಿಮೀಟರ್ ವೇಗದವರೆಗೆ, ನಾಲ್ಕು ಡಿಗ್ರಿ ಓರೆಯಾಗಿ ಬಂದರೂ ಯಂತ್ರ ತಪ್ಪದೆ ಹಿಡಿಯುತ್ತದೆ. ಎಣ್ಣೆಯ ಡ್ಯಾಂಪರ್ ಹಾಕೆಂದವರಲ್ಲಿ ಒಬ್ಬರು ಕಳೆದ ತಿಂಗಳು ತಮ್ಮ ಕೆಲಸಕ್ಕೆಂದು ಅದೇ ಬಿಲ್ಲೆಯ ಅಳತೆಯನ್ನು ಬರೆದುಕೊಂಡು ಹೋಗಿದ್ದಾರೆ.