ರಿಲೇ ‘ಟಕ್’ ಎಂದರೆ ಸಾಲದು: ಡ್ರ್ಯಾಗ್ ಕಾರಿನ ವೈರಿಂಗ್ ದೋಷ ಹುಡುಕುವುದು ಹೀಗೆ

ಮಳೆಗಾಲವಿಡೀ ಟಾರ್ಪಾಲು ಹೊದ್ದು ಶೆಡ್ಡಿನಲ್ಲಿ ಮಲಗಿದ್ದ ಕಾರನ್ನು ಕೊಡಗಿನಲ್ಲಿ ತಿಳಿದವರು ಮೊದಲ ದಿನವೇ ನಂಬುವುದಿಲ್ಲ. ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಗದ್ದೆಗಳಲ್ಲಿ ಆಟೋಕ್ರಾಸ್‌ಗೆ ಇಳಿಯುವ ಕಾರಾಗಲಿ, ಘಟ್ಟದಾಚೆಗೆ ಹೋಗಿ 402 ಮೀಟರ್ ನೇರ ಹಾದಿಯ ಡ್ರ್ಯಾಗ್ ಓಟ ಓಡುವ ಕಾರಾಗಲಿ, ಎಂಜಿನ್ನಿಗಿಂತ ಮೊದಲು ಕೈಕೊಡುವುದು ವೈರಿಂಗ್. ತೇವಕ್ಕೆ ತಾಮ್ರ ಹಸಿರು ಕಿಲುಬು ಹಿಡಿದಿರುತ್ತದೆ. ಪಕ್ಕದಲ್ಲೇ ಕಾಫಿ ಗೋದಾಮಿದ್ದರೆ ಇಲಿಗಳ ಪಾಲೂ ಇರುತ್ತದೆ.

ನನ್ನ ಹಳೆಯ ಮಾರುತಿ ಝೆನ್ ಕಣದಲ್ಲಿ ನಿಂತಾಗ ಚೆನ್ನಾಗಿಯೇ ಗುರುಗುಡುತ್ತಿತ್ತು. ಮೂರನೆಯ ಗೇರಿಗೆ ಬಂದೊಡನೆ ದಮ್ಮು ಕಟ್ಟಿದಂತೆ ಕೆಮ್ಮುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಬದಲಿಸಿದೆ, ಮತ್ತೆ ಬದಲಿಸಿದೆ, ಮೂರನೆಯದನ್ನೂ ಹಾಕಿದೆ. ಮೂರೂ ಸರಿಯಾಗಿಯೇ ಇದ್ದವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪಿನ ಬಾಯಲ್ಲಿ ಇದ್ದದ್ದು 10.9. ಪಂಪಿನ ಅರ್ತ್ ವೈರನ್ನು, ಅಂದರೆ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿ ಮೈನಸ್‌ಗೆ ಮರಳುವ ವೈರನ್ನು, ಕರೆಂಟ್ ಹರಿಯಗೊಡದ ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದೆ. ಆ ಬುದ್ಧಿವಂತಿಕೆ ನನ್ನದೇ.

ಮೊದಲು ರಿಲೇಯ ಕಾಲುಗಳನ್ನು ಗುರುತಿಸಿಕೊಳ್ಳಿ. 85 ಮತ್ತು 86 ಒಳಗಿನ ಕಾಯಿಲ್‌ನ, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆಯುವ ತಂತಿಸುರುಳಿಯ, ಎರಡು ತುದಿಗಳು. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ಬರುತ್ತದೆ, 87ರಿಂದ ಪಂಪಿಗೋ ಫ್ಯಾನಿಗೋ ಹೋಗುತ್ತದೆ. ಐದು ಕಾಲಿನ ರಿಲೇಯಲ್ಲಿ ನಡುವಿನದು ಸಾಮಾನ್ಯವಾಗಿ 87ಎ. ಕಾಯಿಲ್‌ಗೆ ಕರೆಂಟ್ ಇಲ್ಲದಾಗ 30ಕ್ಕೆ ಸೇರಿಕೊಂಡಿರುವುದು ಅದೇ. ಸ್ವಿಚ್ ಆರಿಸಿದಾಗ ತಿರುಗಿ, ಹಾಕಿದಾಗ ನಿಲ್ಲುವ ಫ್ಯಾನ್ ಕಂಡರೆ ಯಾರೋ 87ಎಗೆ ವೈರ್ ಸಿಕ್ಕಿಸಿದ್ದಾರೆ ಎಂದೇ ಲೆಕ್ಕ. ಹೊರನೋಟಕ್ಕೆ ಒಂದೇ ಥರ ಇರುವ ರಿಲೇಗಳಲ್ಲೂ 30 ಮತ್ತು 86ರ ಜಾಗ ಅದಲುಬದಲಾಗಿರುವುದುಂಟು. ಅಂಗಡಿಯವರ ಮಾತಿಗಿಂತ ರಿಲೇಯ ಮೈಮೇಲೆ ಅಚ್ಚಾಗಿರುವ ಚಿತ್ರವನ್ನು ನಂಬಿ.

ಕಾಯಿಲ್ ಕಡೆ

ಸ್ವಿಚ್ ಹಾಕಿದಾಗ ‘ಟಕ್’ ಸದ್ದೇ ಬರದಿದ್ದರೆ ರಿಲೇ ಕಿತ್ತು 85 ಮತ್ತು 86ರ ನಡುವೆ ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟಿನ ಸಾಮಾನ್ಯ ರಿಲೇಯಲ್ಲಿ 70ರಿಂದ 100 ಓಮ್‌ನ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕತ್ತರಿಸಿಹೋಗಿದೆ, ಎಸೆಯಿರಿ. ಸರಿಯಾಗಿದ್ದರೆ ಸಾಕೆಟ್ಟಿನ ಅದೇ ಎರಡು ತೂತುಗಳಲ್ಲಿ, ಸ್ವಿಚ್ ಹಾಕಿಟ್ಟು, ವೋಲ್ಟ್ ನೋಡಿ. ಬ್ಯಾಟರಿಯಷ್ಟೇ ಬರಬೇಕು. ಬಾರದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಮತ್ತೆ ನೋಡಿ. ಈಗ ಬಂದರೆ ತಪ್ಪು ಅರ್ತ್‌ನದು, ಈಗಲೂ ಇಲ್ಲದಿದ್ದರೆ ಸ್ವಿಚ್ಚಿನದೋ ಫ್ಯೂಸಿನದೋ.

ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯಾದರೆ 86ಕ್ಕೆ ಪ್ಲಸ್, 85ಕ್ಕೆ ಮೈನಸ್ ಹೋಗಬೇಕು. ತಿರುಗಾಮುರುಗಾ ಆದರೆ ಡಯೋಡ್ ನೇರ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ. ಹೊಸ ರಿಲೇ ಹಾಕಿದ ಮರುಕ್ಷಣವೇ ಫ್ಯೂಸ್ ಹೋಯಿತು ಎಂದು ಬೈಯುವ ಮೊದಲು ಇದನ್ನು ನೋಡಿ.

ಹೊರೆ ಹೊತ್ತಾಗ

‘ಟಕ್’ ಸದ್ದು ಹೇಳುವುದು ಕಾಯಿಲ್ ಎಳೆಯಿತು ಎಂಬುದನ್ನು ಮಾತ್ರ. ಕಾಯಿಲ್‌ಗೆ ಬೇಕಾಗುವುದು ಸುಮಾರು 0.15 ಆಂಪಿಯರ್. ಅಷ್ಟು ಕರೆಂಟ್ ಒಂದೇ ಎಳೆ ಉಳಿದಿರುವ ವೈರಿನಲ್ಲೂ ಹರಿದೀತು. ಪಂಪ್ ಕೇಳುವ 10 ಆಂಪಿಯರ್ ಹರಿಯುವುದಿಲ್ಲ. ಲೆಕ್ಕ ಸುಲಭ: ವೈರಿನ ತುದಿಯ ಕಿಲುಬು ಹಿಡಿದ ಲಗ್ಗಿನಲ್ಲಿ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆಯಲ್ಲಿ) 0.2 ಓಮ್ ತಡೆಯಿದ್ದರೆ 10 ಆಂಪಿಯರಿಗೆ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಓಮ್ ಮೀಟರಿನ ಕಣ್ಣಿಗೆ ಇಷ್ಟು ಚಿಕ್ಕ ತಡೆ ಬೀಳುವುದೇ ಕಷ್ಟ. ಟೆಸ್ಟ್ ಲ್ಯಾಂಪಿನ ಪುಟ್ಟ ಬಲ್ಬೂ ಝಗ್ಗನೆ ಹೊತ್ತಿ ನಿಮ್ಮನ್ನು ಏಮಾರಿಸುತ್ತದೆ.

ಹಾಗಾಗಿ ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ರಿಲೇ ಸಾಕೆಟ್ಟಿನ ಹಿಂಬದಿಯಿಂದ 30 ಮತ್ತು 87ಕ್ಕೆ ಕಡ್ಡಿ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಸಾಕೆಟ್ಟಿನ ಟರ್ಮಿನಲ್ ಸಡಿಲವಾಗಿದೆ. ಬಳಿಕ ಬ್ಯಾಟರಿ ಪ್ಲಸ್‌ನಿಂದ 30ಕ್ಕೆ, 87ರಿಂದ ಪಂಪಿಗೆ, ಕೊನೆಗೆ ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ. ಈ ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಝೆನ್‌ನಲ್ಲಿ ಅಲ್ಲೇ 2.3 ವೋಲ್ಟ್ ಕುಳಿತಿತ್ತು. ಬಣ್ಣ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಹೊಸ ಲಗ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಖರ್ಚಾದದ್ದು ಒಂದು ಲಗ್ ಮತ್ತು ಚೂರು ಎಮೆರಿ ಕಾಗದ.

ಪಂಪ್ ಕಳಚಿಟ್ಟಿದ್ದರೆ ಅದರ ಬದಲು ಹಳೆಯ ಹೆಡ್‌ಲೈಟ್ ಬಲ್ಬನ್ನು ಸಿಕ್ಕಿಸಬಹುದು. 55 ವಾಟ್‌ನದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಪೆಟ್ರೋಲ್ ವಾಸನೆ ಇರುವಲ್ಲಿ ಮಾತ್ರ ಇದು ಬೇಡ, ಒಂದು ಕಿಡಿ ಸಾಕು. ವೈರ್ ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದಿಡಿ.

ನಿಂತಾಗ ಎಲ್ಲ ಸರಿ, ಓಟ ಶುರುವಾದೊಡನೆ ಕೆಡುತ್ತದೆ ಎಂದಾದರೆ ಕುಲುಕಾಟವನ್ನು ಅನುಮಾನಿಸಿ. ಕ್ಲಚ್ ಬಿಟ್ಟ ಏಟಿಗೆ ಎಂಜಿನ್ ತನ್ನ ಮೌಂಟಿನ ಮೇಲೆ ವಾಲುತ್ತದೆ. ಬಿಗಿಯಾಗಿ ಕಟ್ಟಿದ ವೈರ್ ಆಗ ಸಾಕೆಟ್ಟಿನಿಂದ ಎಳೆದುಕೊಳ್ಳುತ್ತದೆ. ಪಂಪ್ ಓಡುತ್ತಿರುವಾಗ ವೈರಿನ ಕಟ್ಟನ್ನು ಒಂದೊಂದು ಅಡಿಗೊಮ್ಮೆ ಅಲುಗಾಡಿಸಿ, ಇನ್ನೊಬ್ಬರು ಮೀಟರ್ ನೋಡುತ್ತಿರಲಿ. ಸೈಲೆನ್ಸರ್ ಪೈಪಿನ ಬಳಿ ಕರಗಿದ ಪ್ಲಾಸ್ಟಿಕ್ಕನ್ನೂ, ಇಲಿ ಕಡಿದ ಜಾಗವನ್ನೂ ಕೈಯೇ ಹುಡುಕಿಕೊಡುತ್ತದೆ.

ಮತ್ತೆ ಜೋಡಿಸುವಾಗ ರಿಲೇಯ ಕಾಲುಗಳು ಕೆಳಮುಖವಾಗಿರಲಿ, ನಮ್ಮ ಮಳೆಗೆ ಮೇಲ್ಮುಖ ಸಾಕೆಟ್ ಎಂದರೆ ಬಟ್ಟಲು.

ಒಂದು ಪರೀಕ್ಷೆಯನ್ನು ಮನೆಯಂಗಳದಲ್ಲೇ ಮುಗಿಸಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮುಖ್ಯ ಕಡಿತದ ಸ್ವಿಚ್ (ಅಪಘಾತವಾದಾಗ ಕಾರಿನ ಕರೆಂಟನ್ನೆಲ್ಲ ಕಡಿಯಬೇಕಾದದ್ದು) ಆರಿಸಿ. ಕಾರು ನಿಲ್ಲದಿದ್ದರೆ ಆ ಸ್ವಿಚ್ ಬ್ಯಾಟರಿಯನ್ನಷ್ಟೇ ಕತ್ತರಿಸುತ್ತಿದೆ, ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಿ ಪಂಪಿಗೆ ಕೊಡುತ್ತಲೇ ಇದೆ ಎಂದರ್ಥ. ಅಪಘಾತವಾದಾಗ ಹೊರಗಿನಿಂದ ಯಾರೋ ಆ ಸ್ವಿಚ್ ಆರಿಸಿದರೂ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಆಲ್ಟರ್ನೇಟರ್ ಮಾರ್ಗವನ್ನೂ ಕಡಿಯುವ ಸ್ವಿಚ್ ಹಾಕಿಸುವ ತನಕ ಆ ಕಾರನ್ನು ಟ್ರೇಲರಿಗೆ ಹತ್ತಿಸಬೇಡಿ.