ಮ್ಯೂಟ್ ಮಾಡಿ ನೋಡಿದ ಮಾಲ್ಗುಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮೂರಿನಲ್ಲಿ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವುದು ನನ್ನ ತಲೆಗೆ ಕಟ್ಟಿದ ಕೆಲಸ. ಎರಡು ವರ್ಷದ ಹಿಂದಿನ ನಾಟಕ ಪೂರ್ತಿ ತೋಪಾಯಿತು. ಮಾತು ಯಾರೂ ಮರೆತಿರಲಿಲ್ಲ. ಅಪ್ಪನ ಪಾತ್ರದವರು ಅಪ್ಪನ ಹಾಗೆ ಕಾಣಲೇ ಇಲ್ಲ, ಅಷ್ಟೇ. ಆ ಬೇಜಾರಿನಲ್ಲೇ, ಪಾತ್ರ ಹಂಚುವುದು ಹೇಗೆ ಅಂತ ಕಲಿಯಲು, ಮಳೆಗಾಲಕ್ಕೆ 'ಮಾಲ್ಗುಡಿ ಡೇಸ್' ಧಾರಾವಾಹಿ ಮತ್ತೆ ಹಾಕಿ ಕೂತೆ.

ಮೊದಲ ಸಲ ಏನೂ ಸಿಗಲಿಲ್ಲ. ಎಲ್. ವೈದ್ಯನಾಥನ್ ಅವರ ಟ್ಯೂನ್ ಶುರುವಾದರೆ ನಾನು ಎಂಟು ವರ್ಷದ ಹುಡುಗ. ಅವನಿಗೆಂಥ ಪಾತ್ರ ಹಂಚಿಕೆ! ಎರಡನೇ ಸಲ ಸೌಂಡ್ ತೆಗೆದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಕಂತಿಗೆ ಒಂದು ಪುಟ ಬರೆಯುತ್ತಾ ಹೋದೆ.

ಸ್ವಾಮಿ ಒಬ್ಬನೇ ಆಫೀಸ್ ರೂಮಿನಲ್ಲಿ ಮಲಗಬೇಕು ಎಂದು ಅಪ್ಪ ಹಟ ಹಿಡಿಯುವ ಕಂತನ್ನೇ ನಾಲ್ಕು ಸಲ ನೋಡಿದೆ. ಗಿರೀಶ್ ಕಾರ್ನಾಡ್ ಅಪ್ಪ. ಮೂರು ಸಲ ಅವರನ್ನೇ ನೋಡಿದ್ದು ನನ್ನ ತಪ್ಪು. ನಾಲ್ಕನೇ ಸಲ ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಮುಖ ನೋಡಿದೆ. ಹುಡುಗ ಹೆದರಿದ್ದಕ್ಕೇ ಅವರು ಅಪ್ಪ ಅನ್ನಿಸುತ್ತಾರೆ! ನಾನು ಅಪ್ಪನನ್ನು ಹುಡುಕಿ ತಂದಿದ್ದೆ, ಮಗನ ಪಾತ್ರವನ್ನು ಸಿಕ್ಕಿದ ಹುಡುಗನಿಗೆ ಕೊಟ್ಟಿದ್ದೆ. ಆ ಹುಡುಗ ವೇದಿಕೆಯಲ್ಲಿ ಅಪ್ಪನ ಎದುರು ಕಡಲೆಮಿಠಾಯಿ ಜಗಿಯುತ್ತಿದ್ದ.

ಶಂಕರ್ ನಾಗ್ ಇದನ್ನು ತೆಗೆದದ್ದು ಹೆಚ್ಚಾಗಿ ಆಗುಂಬೆಯಲ್ಲಿ. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದ್ದು. ಆಗುಂಬೆಗೆ ರೈಲಿಲ್ಲ, ಹಾಗಾಗಿ ಮಾಲ್ಗುಡಿ ಸ್ಟೇಷನ್ ಆದದ್ದು ಅರಸಾಳು. ಮಾತು ಹಿಂದಿ, ಆದರೆ ಸೌಂಡ್ ತೆಗೆದರೆ ಎಲ್ಲರೂ ನಮ್ಮವರೇ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ನಮಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ.

ಆಮೇಲೆ ಸದಾನಂದ ಸುವರ್ಣರ ಕನ್ನಡ ಧಾರಾವಾಹಿ 'ಗುಡ್ಡದ ಭೂತ' ಹಾಕಿದೆ. ಪ್ರಕಾಶ್ ರೈ ಆಗ ಎಷ್ಟು ಸಣ್ಣ ಹುಡುಗ ಮಾರಾಯ್ರೇ! ಇದನ್ನೂ ಮ್ಯೂಟ್ ಮಾಡಲು ಹೋದೆ. ಅದರ ಶೀರ್ಷಿಕೆ ಹಾಡು "ಡೆನ್ನಾನ ಡೆನ್ನಾನ" ನಿಂತದ್ದೇ ತಡ, ದೊಡ್ಡಮ್ಮ ಅಡುಗೆಮನೆಯಿಂದ ಬಂದರು. "ಎಂಥದು ಮಾರಾಯ, ಪದ್ಯ ಯಾಕೆ ನಿಲ್ಲಿಸಿದ್ದು?" ಅವರು ಹೇಳಿದ್ದು ಸರಿ. ಇದರ ಜೀವ ಇರುವುದೇ ಮಾತಿನಲ್ಲಿ, ನಮ್ಮ ಕರಾವಳಿ ಕನ್ನಡದ ಆ ಎಳೆತದಲ್ಲಿ. ಸೌಂಡ್ ತೆಗೆದರೆ ಅರ್ಧ ಹೋಯಿತು. ಮಾಲ್ಗುಡಿಗೆ ಮುಖ ಹುಡುಕಬೇಕಿತ್ತು, ಇಲ್ಲಿ ನಾಲಿಗೆಯನ್ನೂ ಹುಡುಕಬೇಕಿತ್ತು ಅಂತ ಪುಟದ ಅಂಚಿನಲ್ಲಿ ಬರೆದುಕೊಂಡೆ. ಎರಡರಲ್ಲಿ ಯಾವುದು ಮೇಲು ಅಂದರೆ ನನ್ನ ಓಟು ಮಾಲ್ಗುಡಿಗೆ. ದೊಡ್ಡಮ್ಮನದ್ದು ಭೂತಕ್ಕೆ.

ಈ ವರ್ಷ ಮೊದಲು ಮಗನನ್ನು ಹುಡುಕಿದೆ. ಐದನೇ ಕ್ಲಾಸಿನವನು, ಮಾತು ಕಮ್ಮಿ, ಕಣ್ಣು ಜೋರು. ಅವನು ನಿಜವಾಗಿ ಹೆದರುವುದು ಯಾರಿಗೆ ಅಂತ ಕೇಳಿದೆ. ದಿನಸಿ ಅಂಗಡಿಯವರಿಗಂತೆ. ಅಪ್ಪನ ಪಾತ್ರಕ್ಕೆ ಅವರೇ ಒಪ್ಪಿದ್ದಾರೆ, ಮೀಸೆ ಮಾತ್ರ ತೆಗೆಯುವುದಿಲ್ಲವಂತೆ.